ಫಾಲ್ಗುಣದ ಎಂಟು ದಿನಗಳು: ಸಿದ್ಧಚಕ್ರದ ಧ್ಯಾನ ಮತ್ತು ಮೈನಾಸುಂದರಿ

ಭಾರತೀಯ ಕಾವ್ಯಪರಂಪರೆಯಲ್ಲಿ ವಸಂತವು ಮನ್ಮಥನ ಋತು. ಏಳನೆಯ ಶತಮಾನದ ಶ್ರೀಹರ್ಷನ ‘ರತ್ನಾವಳಿ’ ನಾಟಿಕೆಯು ಮದನೋತ್ಸವದಿಂದಲೇ ಆರಂಭವಾಗುತ್ತದೆ. ರಾಣಿ ವಾಸವದತ್ತೆಯು ಉದ್ಯಾನದ ಅಶೋಕವೃಕ್ಷದ ಬುಡದಲ್ಲಿ ಕಾಮದೇವನನ್ನು ಪೂಜಿಸಿ, ಅನಂತರ ಪತಿಯಾದ ಉದಯನನನ್ನು ಅರ್ಚಿಸುತ್ತಾಳೆ. ವಸಂತದ ಪೂಜೆಯಲ್ಲಿ ಸ್ತ್ರೀಗೆ ದೊರೆತ ಪಾತ್ರವೇನೆಂಬುದನ್ನು ಈ ಒಂದು ದೃಶ್ಯವೇ ತಿಳಿಸುತ್ತದೆ: ಅವಳು ಅರ್ಚಕಿ, ಅರ್ಚನೆಗೊಳ್ಳುವವರು ಕಾಮ ಮತ್ತು ಪತಿ. ಇದೇ ಋತುವಿನಲ್ಲಿ ಜೈನ ಪಂಚಾಂಗವು ಬೇರೊಂದು ಪರ್ವವನ್ನು ಇರಿಸಿಕೊಂಡಿದೆ. ಅದರ ಕೇಂದ್ರದಲ್ಲಿಯೂ ಒಬ್ಬ ರಾಜಪುತ್ರಿ ಇದ್ದಾಳೆ. ಆದರೆ ಅವಳ ಸ್ಥಾನ ಬೇರೆ.

ಆಷಾಢ, ಕಾರ್ತಿಕ ಮತ್ತು ಫಾಲ್ಗುಣ ಮಾಸಗಳ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆಯವರೆಗಿನ ಎಂಟು ದಿನಗಳಿಗೆ ಅಷ್ಟಾಹ್ನಿಕ ಪರ್ವವೆಂದು ಹೆಸರು. ಜೈನ ಲೋಕವರ್ಣನೆಯಲ್ಲಿ ಎಂಟನೆಯದಾದ ನಂದೀಶ್ವರ ದ್ವೀಪದಲ್ಲಿ 52 ಅಕೃತ್ರಿಮ ಜಿನಾಲಯಗಳಿವೆ. ಈ ದಿನಗಳಲ್ಲಿ ದೇವತೆಗಳು ಅಲ್ಲಿಗೆ ಹೋಗಿ ಪೂಜಿಸುತ್ತಾರೆಂಬುದು ಆಗಮದ ಮಾತು. ಮನುಷ್ಯರಿಗೆ ಮಾನುಷೋತ್ತರ ಪರ್ವತವನ್ನು ದಾಟುವ ಶಕ್ತಿಯಿಲ್ಲ. ಆದುದರಿಂದ ಶ್ರಾವಕರು ತಮ್ಮೂರಿನ ಬಸದಿಯಲ್ಲಿಯೇ ಆ ದ್ವೀಪವನ್ನು ಭಾವಿಸಿಕೊಂಡು ಅರ್ಚಿಸುತ್ತಾರೆ. ಪರ್ವದ ಮೂಲದಲ್ಲಿರುವುದು ಯಾತ್ರೆಯಲ್ಲ, ಭಾವನೆ. ಕಾಲಿಗೆ ಎಟುಕದ ಸ್ಥಳವನ್ನು ಚಿತ್ತದಲ್ಲಿ ನಿಲ್ಲಿಸುವುದೇ ಅದರ ವಿಧಾನವಾದುದರಿಂದ, ಈ ಉತ್ಸವವು ಮೊದಲಿನಿಂದಲೂ ಯೋಗದ ಸಮೀಪದಲ್ಲಿದೆ.

‘ಯೋಗ’ ಎಂಬ ಶಬ್ದಕ್ಕೆ ಜೈನ ಶಾಸ್ತ್ರದಲ್ಲಿ ಎರಡು ಮುಖಗಳಿವೆ. ‘ತತ್ತ್ವಾರ್ಥಸೂತ್ರ’ದಲ್ಲಿ ಯೋಗವೆಂದರೆ ಕಾಯ, ವಾಕ್ಕು, ಮನಸ್ಸುಗಳ ವ್ಯಾಪಾರ, ಕರ್ಮವು ಆತ್ಮದೆಡೆಗೆ ಹರಿದುಬರಲು ಅದೇ ಕಾರಣ. ಹರಿಭದ್ರಸೂರಿಯ ಕಾಲಕ್ಕೆ ಅದೇ ಶಬ್ದವು ಮೋಕ್ಷದೊಡನೆ ಕೂಡಿಸುವ ಧರ್ಮವ್ಯಾಪಾರವೆಂಬ ಅರ್ಥವನ್ನು ಪಡೆಯಿತು. ಶುಭಚಂದ್ರಾಚಾರ್ಯರ ‘ಜ್ಞಾನಾರ್ಣವ’ ಮತ್ತು ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ಗಳು ಧ್ಯಾನವನ್ನು ಪಿಂಡಸ್ಥ, ಪದಸ್ಥ, ರೂಪಸ್ಥ, ರೂಪಾತೀತ ಎಂದು ನಾಲ್ಕಾಗಿ ವಿಭಾಗಿಸುತ್ತವೆ. ಇವುಗಳಲ್ಲಿ ಪದಸ್ಥ ಧ್ಯಾನದ ಒಂದು ವಿಧಾನವು ಎಂಟು ದಳಗಳ ಶುಭ್ರ ಕಮಲದ ಚಿಂತನೆ. ‘ಜ್ಞಾನಾರ್ಣವ’ದ ನಿರೂಪಣೆಯಂತೆ ಕರ್ಣಿಕೆಯಲ್ಲಿ ಅರ್ಹಂತರ ಮಂತ್ರ, ದಿಕ್ಕಿನ ದಳಗಳಲ್ಲಿ ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧುಗಳು, ವಿದಿಕ್ಕಿನ ದಳಗಳಲ್ಲಿ ದರ್ಶನ, ಜ್ಞಾನ ಮೊದಲಾದ ನಾಲ್ಕು. ಇದೇ ನವಪದ, ಯಂತ್ರರೂಪದಲ್ಲಿ ಇದೇ ಸಿದ್ಧಚಕ್ರ. ಅಷ್ಟಾಹ್ನಿಕದಲ್ಲಿ ದಿಗಂಬರ ಬಸದಿಗಳಲ್ಲಿ ನಡೆಯುವ ಸಿದ್ಧಚಕ್ರ ವಿಧಾನವೂ, ಚೈತ್ರ ಮತ್ತು ಆಶ್ವಯುಜ ಮಾಸಗಳಲ್ಲಿ ಶುಕ್ಲ ಸಪ್ತಮಿಯಿಂದ ಹುಣ್ಣಿಮೆಯವರೆಗೆ ಶ್ವೇತಾಂಬರರು ಆಚರಿಸುವ ನವಪದ ಓಳಿಯೂ ಇದರ ಸುತ್ತಲೇ ಬೆಳೆದಿವೆ. ಓಳಿಯ ಒಂಬತ್ತು ದಿನವೂ ಆಯಂಬಿಲ ವ್ರತ: ತುಪ್ಪ, ಎಣ್ಣೆ, ಹಾಲು, ಮೊಸರು, ಸಿಹಿ, ಮಸಾಲೆಗಳಿಲ್ಲದ ಒಪ್ಪೊತ್ತಿನ ಊಟ. ಧ್ಯಾನಿಸುವ ಪದದ ವರ್ಣಕ್ಕೆ ತಕ್ಕಂತೆ ಅನ್ನ, ಗೋಧಿ, ಕಡಲೆ, ಹೆಸರು, ಉದ್ದು ಎಂದು ಧಾನ್ಯವನ್ನು ಬದಲಿಸುವ ರೂಢಿಯೂ ಉಂಟು. ಚಿತ್ತದಲ್ಲಿ ಮೂಡುವ ಬಣ್ಣವು ಊಟದ ತಟ್ಟೆಗೂ ಇಳಿಯುತ್ತದೆ.

ಪಿಂಡಸ್ಥ ಧ್ಯಾನವು ವಸಂತದ ಇನ್ನೊಂದು ಚಿತ್ರವನ್ನು ನೆನಪಿಗೆ ತರುತ್ತದೆ. ಅದರಲ್ಲಿ ಪಾರ್ಥಿವೀ, ಆಗ್ನೇಯೀ, ಮಾರುತೀ, ವಾರುಣೀ, ತತ್ತ್ವರೂಪವತೀ ಎಂಬ ಐದು ಧಾರಣೆಗಳಿವೆ. ಆಗ್ನೇಯೀ ಧಾರಣೆಯಲ್ಲಿ ಸಾಧಕನು ನಾಭಿಯಲ್ಲಿ ಹದಿನಾರು ದಳಗಳ ಕಮಲವನ್ನು ಚಿಂತಿಸುತ್ತಾನೆ. ಅದರ ನಡುವಿನ ಮಂತ್ರದ ರೇಫದಿಂದ ಮೊದಲು ಹೊಗೆ, ಬಳಿಕ ಕಿಡಿ, ಕೊನೆಗೆ ಜ್ವಾಲೆ ಏಳುತ್ತದೆ. ಹೃದಯದಲ್ಲಿ ಅಧೋಮುಖವಾಗಿರುವ ಎಂಟು ದಳಗಳ ಕರ್ಮಕಮಲವನ್ನು ಸುಡುತ್ತದೆ. ಮಾರುತವು ಬೂದಿಯನ್ನು ಹಾರಿಸುತ್ತದೆ, ಮಳೆಯು ಉಳಿದುದನ್ನು ತೊಳೆಯುತ್ತದೆ. ಅಷ್ಟಾಹ್ನಿಕವು ಮುಗಿಯುವ ಫಾಲ್ಗುಣ ಹುಣ್ಣಿಮೆಯಂದೇ ಊರಿನ ಬೀದಿಯಲ್ಲಿ ಕಾಮದಹನ ನಡೆಯುತ್ತದೆ. ಯೋಗಗ್ರಂಥಗಳು ಈ ಹೋಲಿಕೆಯನ್ನು ಹೇಳುವುದಿಲ್ಲ. ಆ ಧಾರಣೆಯನ್ನು ಒಂದು ತಿಥಿಗೆ ಕಟ್ಟುವುದೂ ಇಲ್ಲ. ಆದರೂ ಒಂದೇ ಹುಣ್ಣಿಮೆಯ ಬೆಳಕಿನಲ್ಲಿ ಎರಡನ್ನೂ ನೋಡಿದವರಿಗೆ ವ್ಯತ್ಯಾಸ ಸ್ಪಷ್ಟ. ಬೀದಿಯಲ್ಲಿ ಸುಡುವುದು ಕಾಮನನ್ನು. ಧ್ಯಾನದಲ್ಲಿ ಸುಡುವುದು ತಾನೇ ಕಟ್ಟಿಕೊಂಡ ಕರ್ಮವನ್ನು.

ಈ ಯೋಗದಲ್ಲಿ ದೈವೀ ಸ್ತ್ರೀತ್ವವು ಎಲ್ಲಿದೆ? ಧಾರಣೆಗಳ ಹೆಸರುಗಳು ಸ್ತ್ರೀಲಿಂಗದಲ್ಲಿವೆ. ಹರಿಭದ್ರರ ‘ಯೋಗದೃಷ್ಟಿಸಮುಚ್ಚಯ’ದ ಎಂಟು ದೃಷ್ಟಿಗಳಾದ ಮಿತ್ರಾ, ತಾರಾ, ಬಲಾ, ದೀಪ್ರಾ, ಸ್ಥಿರಾ, ಕಾಂತಾ, ಪ್ರಭಾ, ಪರಾ ಎಂಬವೂ ದೇವಿಯರ ನಾಮಾವಳಿಯಂತೆ ಕೇಳಿಸುತ್ತವೆ. ಆದರೆ ಧಾರಣಾ, ದೃಷ್ಟಿ ಎಂಬ ಶಬ್ದಗಳೇ ಸ್ತ್ರೀಲಿಂಗದವು. ವ್ಯಾಕರಣದಿಂದಷ್ಟೇ ದೇವಿಯನ್ನು ಸಾಧಿಸಲಾಗದು.

ಇದಕ್ಕಿಂತ ಗಟ್ಟಿಯಾದ ಆಧಾರವು ಯಕ್ಷಿಯರ ಕಲ್ಪಗ್ರಂಥಗಳಲ್ಲಿ ದೊರೆಯುತ್ತದೆ, ಮತ್ತು ಅವುಗಳಲ್ಲಿ ಮುಖ್ಯವಾದವು ಕನ್ನಡ ನೆಲದವೇ. ಇಂದ್ರನಂದಿಯು ‘ಜ್ವಾಲಿನೀಕಲ್ಪ’ವನ್ನು ಶಕ 861ರಲ್ಲಿ, ಎಂದರೆ ಕ್ರಿ.ಶ. 939ರಲ್ಲಿ, ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ ಮಾನ್ಯಖೇಟದಲ್ಲಿ ಪೂರ್ಣಗೊಳಿಸಿದನು. ಹನ್ನೊಂದನೆಯ ಶತಮಾನದ ಮಲ್ಲಿಷೇಣನು ‘ಭೈರವಪದ್ಮಾವತೀಕಲ್ಪ’ವನ್ನು ರಚಿಸಿದನು. ಜ್ವಾಲಿನೀಕಲ್ಪದ ಹಿನ್ನೆಲೆಯ ಕಥೆಯಲ್ಲಿ ಹೇಲಾಚಾರ್ಯರ ಶಿಷ್ಯೆ ಕಮಲಶ್ರೀಯು ಬ್ರಹ್ಮರಾಕ್ಷಸನಿಂದ ಗ್ರಸ್ತಳಾಗುತ್ತಾಳೆ. ಆಚಾರ್ಯರು ನೀಲಗಿರಿಯ ಶಿಖರದಲ್ಲಿ ಜ್ವಾಲಾಮಾಲಿನಿಯನ್ನು ಒಲಿಸಿಕೊಂಡು ಆಕೆಯನ್ನು ಬಿಡಿಸುತ್ತಾರೆ. ಇಲ್ಲಿ ಶಕ್ತಿಯು ದೇವಿಯದು, ಸಾಧನೆಯು ಪುರುಷನದು, ಪೀಡೆಯು ಸ್ತ್ರೀಯದು.

ಸಿದ್ಧಚಕ್ರದ ಕಥೆಯು ಈ ವಿನ್ಯಾಸವನ್ನು ತಲೆಕೆಳಗು ಮಾಡುತ್ತದೆ. ಉಜ್ಜಯಿನಿಯ ಅರಸನು ತನ್ನ ಮಕ್ಕಳ ಸುಖಕ್ಕೆ ತಾನೇ ಕಾರಣನೆಂದು ಭಾವಿಸಿದ್ದಾನೆ. ಮೈನಾಸುಂದರಿಯು ಅದನ್ನೊಪ್ಪದೆ, ಸುಖದುಃಖಗಳು ತಂತಮ್ಮ ಕರ್ಮದ ಫಲವೆಂದು ಸಭೆಯಲ್ಲಿಯೇ ನುಡಿಯುತ್ತಾಳೆ. ಕುಪಿತನಾದ ತಂದೆ ಅವಳನ್ನು ಕುಷ್ಠರೋಗಿಯೊಬ್ಬನಿಗೆ ಮದುವೆ ಮಾಡಿಕೊಡುತ್ತಾನೆ. ಅವನೇ ರಾಜ್ಯಭ್ರಷ್ಟನಾದ ಶ್ರೀಪಾಲ. ಅವಳು ಮುನಿಯಿಂದ ಸಿದ್ಧಚಕ್ರದ ವಿಧಿಯನ್ನರಿತು ವ್ರತವನ್ನು ನಡೆಸುತ್ತಾಳೆ. ಅಭಿಷೇಕದ ಗಂಧೋದಕದಿಂದ ಶ್ರೀಪಾಲನೂ ಅವನೊಡನಿದ್ದ 700 ಮಂದಿ ಕುಷ್ಠರೋಗಿಗಳೂ ಗುಣಮುಖರಾಗುತ್ತಾರೆ. ಇಲ್ಲಿ ವಿಧಿಯನ್ನು ಅರಿತು ನಡೆಸುವವಳು ಸ್ತ್ರೀ, ಪೀಡಿತನು ಪುರುಷ. ವಾಸವದತ್ತೆಯಂತೆ ಮೈನಾಸುಂದರಿಯೂ ಪತಿಗಾಗಿ ಪೂಜಿಸುತ್ತಾಳೆ, ಆದರೆ ಪತಿಯನ್ನು ಪೂಜಿಸುವುದಿಲ್ಲ.

ದೇವಿಯೂ ಈ ಕಥೆಯಲ್ಲಿ ಇಲ್ಲದಿಲ್ಲ. ಶ್ವೇತಾಂಬರ ಕಥನದಲ್ಲಿ ವರ್ತಕ ಧವಲನು ಶ್ರೀಪಾಲನನ್ನು ಕಡಲಿಗೆ ನೂಕಿ ಅವನ ಪತ್ನಿಯರ ಮೇಲೆ ಕಣ್ಣಿಟ್ಟಾಗ ಸಿದ್ಧಚಕ್ರದ ಅಧಿಷ್ಠಾತ್ರಿಯಾದ ಚಕ್ರೇಶ್ವರಿಯು ಪ್ರತ್ಯಕ್ಷಳಾಗಿ ಅವರ ಶೀಲವನ್ನು ಕಾಪಾಡುತ್ತಾಳೆ. ಆದರೆ ನವಪದದ ಕಮಲದಲ್ಲಿ ಅವಳಿಗೆ ದಳವಿಲ್ಲ. ಅವಳು ಸಾಧಕರ ರಕ್ಷಕಿ, ಧ್ಯಾನದ ಗುರಿಯಲ್ಲ. ದೇವಿಯು ಹೊರಗೆ ನಿಂತು ಕಾಯುತ್ತಾಳೆ, ಒಳಗೆ ಕುಳಿತು ಧ್ಯಾನಿಸುವವಳು ಮಾನುಷಿ.

ಈ ಮಾನುಷಿಯ ವಿಷಯದಲ್ಲಿ ಸಾಹಿತ್ಯಚರಿತ್ರೆಯು ಉದಾರವಾಗಿ ನಡೆದುಕೊಂಡಿಲ್ಲ. ವಿಕ್ರಮ ಸಂವತ್ 1428ರಲ್ಲಿ ರತ್ನಶೇಖರಸೂರಿ ರಚಿಸಿದ ಪ್ರಾಕೃತ ‘ಸಿರಿವಾಲಕಹಾ’, ಹದಿನೈದನೆಯ ಶತಮಾನದ ರಇಧುವಿನ ಅಪಭ್ರಂಶ ಕಾವ್ಯ, ಹದಿನಾರನೆಯ ಶತಮಾನದ ಆರಂಭದ ಕನ್ನಡ ಕವಿ ಮೂರನೆಯ ಮಂಗರಸನ ‘ಶ್ರೀಪಾಲಚರಿತೆ’, ವಿಕ್ರಮ ಸಂವತ್ 1738ರಲ್ಲಿ ವಿನಯವಿಜಯರು ಆರಂಭಿಸಿ ಯಶೋವಿಜಯರು ಮುಗಿಸಿದ ಗುಜರಾತಿ ರಾಸ, ಇವೆಲ್ಲವೂ ಹೆಸರಿನಲ್ಲಿ ಶ್ರೀಪಾಲನನ್ನೇ ಹೊತ್ತಿವೆ. ತತ್ತ್ವದ ಕಡೆಯಿಂದಲೂ ಪ್ರಶ್ನೆಯೊಂದು ಉಳಿಯುತ್ತದೆ. ಸ್ತ್ರೀಮುಕ್ತಿಯನ್ನು ಶ್ವೇತಾಂಬರರು ಒಪ್ಪುತ್ತಾರೆ. ದಿಗಂಬರರು ಸ್ತ್ರೀಪರ್ಯಾಯದಲ್ಲಿಯೇ ಮೋಕ್ಷವಿಲ್ಲವೆನ್ನುತ್ತಾರೆ. ಆದರೂ ಎರಡು ಸಂಪ್ರದಾಯಗಳೂ ಸಿದ್ಧರ ಆರಾಧನೆಗೆ ಮಾದರಿಯಾಗಿ ಒಬ್ಬ ಸ್ತ್ರೀಯನ್ನೇ ಆರಿಸಿಕೊಂಡಿವೆ. ಕಥೆಯು ವಾದವನ್ನು ತೀರ್ಮಾನಿಸುವುದಿಲ್ಲ. ವಾದವು ಮುಟ್ಟದ ಒಂದು ಎಡೆಯನ್ನು ಮಾತ್ರ ತೋರಿಸುತ್ತದೆ.

ಆ ಎಡೆಯು ಆಚರಣೆಯದು. ಕರ್ನಾಟಕದ ಜೈನ ಮನೆಗಳಲ್ಲಿ ವ್ರತಗಳಿಗೆ ‘ನೋಂಪಿ’ ಎಂಬ ಹಳೆಯ ಹೆಸರು ಇಂದಿಗೂ ಬಳಕೆಯಲ್ಲಿದೆ. ನೋಂಪಿಯ ಕಥೆಗಳನ್ನು ಓದಿಸಿ, ಕೇಳಿ, ಉಪವಾಸದಿಂದ ನಡೆಸಿಕೊಂಡು ಬಂದವರಲ್ಲಿ ಶ್ರಾವಕಿಯರೇ ಮುಂದು. ವಸಂತ, ಯೋಗ, ದೈವೀ ಸ್ತ್ರೀತ್ವ ಎಂಬ ಮೂರೂ ಒಂದೆಡೆ ಸೇರುವ ಬಿಂದುವನ್ನು ಜೈನ ಪರಂಪರೆಯಲ್ಲಿ ಹುಡುಕುವವರು ಯಕ್ಷಿಯ ಗರ್ಭಗುಡಿಯಲ್ಲಿ ನಿಂತುಬಿಟ್ಟರೆ ಅರ್ಧವನ್ನಷ್ಟೇ ಕಂಡಂತೆ. ಉಳಿದರ್ಧವು ಅಷ್ಟಾಹ್ನಿಕದ ಬೆಳಗಿನಲ್ಲಿ ಸಿದ್ಧಚಕ್ರದ ಮುಂದೆ ಒಪ್ಪೊತ್ತಿನ ವ್ರತದಲ್ಲಿ ಕುಳಿತವಳಲ್ಲಿದೆ. ಕಾವ್ಯದ ಶೀರ್ಷಿಕೆಯು ಶ್ರೀಪಾಲನದಾಗಿರಬಹುದು. ಪರ್ವದ ಸಾಧನೆಯು ಅವಳದು.