ಮೂಸಿ ನದಿಯ ನೆರೆ ಮತ್ತು ಸರ್ಕಾರದ ಬೊಕ್ಕಸ

ದಖ್ಖನ್ ಪ್ರಸ್ಥಭೂಮಿಯ ಜಲಕಾರ್ಯಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಕ್ಷಾಮದ ದೃಷ್ಟಿಯಿಂದಲೇ ಅದನ್ನು ನೋಡಿದ್ದಾರೆ. ಮಳೆ ಬಾರದಿದ್ದಾಗ ರಾಜ್ಯಗಳು ಏನು ಮಾಡಿದವು ಎಂಬುದು ಸಾಕಷ್ಟು ಚರ್ಚಿತವಾದ ವಿಷಯ. ಮಳೆ ಮಿತಿಮೀರಿ ಬಂದಾಗ ಅವು ಏನು ಮಾಡಿದವು, ಅದಕ್ಕೆ ಬೇಕಾದ ಹಣವನ್ನು ಯಾವ ಬಾಬಿನಿಂದ ಒದಗಿಸಿದವು, ಕಟ್ಟಿದ್ದನ್ನು ಕಾಪಾಡುವ ಹೊಣೆಯನ್ನು ಯಾರಿಗೆ ಒಪ್ಪಿಸಿದವು ಎಂಬ ಪ್ರಶ್ನೆಗಳು ಮಾತ್ರ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಹೈದರಾಬಾದ್ ನಗರದ ಉದಾಹರಣೆಯನ್ನು ತೆಗೆದುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಬೀದರ್, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳು 1956ರವರೆಗೆ ಆ ರಾಜ್ಯದ ಭಾಗಗಳಾಗಿದ್ದುದರಿಂದಲೂ, ಅಲ್ಲಿನ ನೆರೆ-ರಕ್ಷಣೆಯ ಯೋಜನೆಯನ್ನು ರೂಪಿಸಿದವರು ಶ್ರೀ ಎಂ. ವಿಶ್ವೇಶ್ವರಯ್ಯನವರಾದುದರಿಂದಲೂ ಈ ಇತಿಹಾಸ ನಮಗೆ ಹೊರಗಿನದಲ್ಲ.

1908ನೆಯ ಇಸವಿ ಸೆಪ್ಟೆಂಬರ್ 28ರಂದು ಮೂಸಿ ನದಿ ದಡ ಮೀರಿ ಹೈದರಾಬಾದ್ ನಗರವನ್ನು ಹೊಕ್ಕಿತು. ಆಗ ಆಳುತ್ತಿದ್ದವರು ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು. ನಗರದ ದಕ್ಷಿಣಕ್ಕಿರುವ ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆ ಬಿದ್ದಿತ್ತು. ಸತ್ತವರ ಸಂಖ್ಯೆ ಸುಮಾರು 15,000 ಎಂದು ಸಾಮಾನ್ಯವಾಗಿ ಅಂದಾಜು ಮಾಡಲಾಗಿದೆ. ನದಿಯ ಮೇಲಿನ ಸೇತುವೆಗಳು ಭಗ್ನವಾದವು. ಅಫ್ಜಲ್‌ಗಂಜಿನ ಬಳಿ ಹುಣಿಸೆಯ ಮರವೊಂದನ್ನು ಏರಿ ಸುಮಾರು 150 ಜನ ಪ್ರಾಣ ಉಳಿಸಿಕೊಂಡರೆಂದು ಊರವರು ಇಂದಿಗೂ ಹೇಳುತ್ತಾರೆ.

ಈ ಅನಾಹುತದ ಕಾರಣಗಳನ್ನು ಶೋಧಿಸಲು ನಿಜಾಮ್ ಸರ್ಕಾರ ಬೊಂಬಾಯಿ ಪ್ರಾಂತದ ಸೇವೆಯಿಂದ ನಿವೃತ್ತರಾಗುತ್ತಿದ್ದ ವಿಶ್ವೇಶ್ವರಯ್ಯನವರನ್ನು ಆಹ್ವಾನಿಸಿತು. ಅವರು 1909ರಲ್ಲಿ ಬಂದು ಕಾರ್ಯಾರಂಭ ಮಾಡಿ, ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ವರದಿಯನ್ನು ಒಪ್ಪಿಸಿದರು. ಅವರು ಮಳೆಯನ್ನು ಮಾತ್ರ ದೂರಿ ಸುಮ್ಮನಾಗಲಿಲ್ಲವೆಂಬುದು ಗಮನಾರ್ಹ. ನಗರದ ಮೇಲ್ಭಾಗದಲ್ಲಿ ನದಿಗೆ ನೀರು ಹರಿದು ಬರುವ ಪ್ರದೇಶದ ವಿಸ್ತೀರ್ಣ 862 ಚದರ ಮೈಲಿ. ಅದರಲ್ಲಿದ್ದ ಕೆರೆಗಳು 788. ಹೆಚ್ಚು ಕಡಮೆ ಚದರ ಮೈಲಿಗೊಂದು ಕೆರೆ. ಈ ಕೆರೆಗಳಲ್ಲಿ 221 ಒಡೆದಿದ್ದುವು. ಸಾಲುಕೆರೆಗಳ ಸ್ವಭಾವವೇ ಅಂಥದು: ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಯ ಏರಿಯ ಮೇಲೆ ಬೀಳುತ್ತದೆ, ಕೋಡಿ ಅದನ್ನು ತಾಳಲಾರದೆ ಆ ಏರಿಯೂ ಒಡೆಯುತ್ತದೆ. ಆಕಾಶದಿಂದ ಬಿದ್ದ ನೀರಿಗೆ ಕೆರೆಗಳಲ್ಲಿ ನಿಂತಿದ್ದ ನೀರೂ ಕೂಡಿಕೊಂಡು ಒಮ್ಮೆಲೇ ನಗರದ ಮೇಲೆ ಬಂದಿತು.

ಆದುದರಿಂದ ನೆರೆಯಿಂದ ನಗರವನ್ನು ಕಾಯುವ ಕಾರ್ಯದಲ್ಲಿ ಎರಡು ಅಂಗಗಳಿವೆ. ಮಹಾನದಿಯ ನೀರನ್ನು ಮೇಲೆಯೇ ತಡೆದು ಮಿತವಾಗಿ ಬಿಡುವುದು ಒಂದು. ಕೆರೆ, ಕೋಡಿ, ಹಳ್ಳ, ಚರಂಡಿಗಳೆಂಬ ನೂರಾರು ಸಣ್ಣ ದಾರಿಗಳನ್ನು ವರ್ಷ ವರ್ಷವೂ ಸುಸ್ಥಿತಿಯಲ್ಲಿ ಇಡುವುದು ಇನ್ನೊಂದು. ಮೊದಲನೆಯ ಅಂಗಕ್ಕಾಗಿ ವಿಶ್ವೇಶ್ವರಯ್ಯನವರು ಮೂಸಿಗೂ ಅದರ ಉಪನದಿಯಾದ ಈಸಿಗೂ ನಗರದ ಮೇಲ್ಗಡೆ ಜಲಾಶಯಗಳನ್ನು ಕಟ್ಟಬೇಕೆಂದು ಸೂಚಿಸಿದರು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಆದ ನಾಣ್ಯವೂ ಬೊಕ್ಕಸವೂ ಮರಾಮತ್ತು ಇಲಾಖೆಯೂ ಇದ್ದುವು. ಪ್ರಭುವಿನ ಸಮ್ಮತಿ ದೊರೆತ ಮೇಲೆ ಹಣಕ್ಕಾಗಿ ಮತ್ತೊಂದು ಸರ್ಕಾರದ ಬಾಗಿಲನ್ನು ಕಾಯಬೇಕಾಗಿರಲಿಲ್ಲ. ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ, ಗಂಡಿಪೇಟೆಯ ಬಳಿ ಮೂಸಿಗೆ ಅಡ್ಡಲಾಗಿ ಕಟ್ಟಿದ ಉಸ್ಮಾನ್ ಸಾಗರ 1920ರಲ್ಲಿಯೂ, ಈಸಿಗೆ ಕಟ್ಟಿದ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣಗೊಂಡುವು. ನಗರದೊಳಗಿನ ಸುಧಾರಣೆಗಾಗಿ 1912ರಲ್ಲಿ ನಗರಾಭಿವೃದ್ಧಿ ಮಂಡಲಿಯೊಂದು ಸ್ಥಾಪಿತವಾಗಿತ್ತು.

ಈ ಜಲಾಶಯಗಳು ನೆರೆಯನ್ನು ತಡೆಯುವುದರ ಜೊತೆಗೆ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಈ ಎರಡು ಪ್ರಯೋಜನಗಳ ಕೂಟವೇ ಅವುಗಳ ಬಾಳಿಕೆಗೆ ಕಾರಣವೆಂದು ನನ್ನ ಅಭಿಪ್ರಾಯ. ನೆರೆ ಬರುವುದು ತಲೆಮಾರಿಗೊಮ್ಮೆ, ನೀರಡಿಕೆಯಾಗುವುದು ಪ್ರತಿದಿನ. ನೆರೆ ಬಾರದ ವರ್ಷಗಳಲ್ಲಿ ನೆರೆಗಟ್ಟೆಗೆ ಹಣ ಕೊಡಿರೆಂದು ಕೇಳುವವರಿರುವುದಿಲ್ಲ. ನಲ್ಲಿಯಲ್ಲಿ ನೀರು ನಿಂತರೆ ಊರೆಲ್ಲ ಕೇಳುತ್ತದೆ. ಆದರೆ ಈ ಕೂಟದಲ್ಲಿ ಒಂದು ವಿರೋಧವೂ ಅಡಗಿದೆ. ಕುಡಿಯುವ ನೀರಿಗಾಗಿ ಜಲಾಶಯ ತುಂಬಿರಬೇಕು. ನೆರೆಯನ್ನು ನುಂಗಬೇಕಾದರೆ ಅದರಲ್ಲಿ ತೆರವಿರಬೇಕು. ದಿನದ ಅಗತ್ಯ ಎಂದೋ ಬರುವ ಅಪಾಯದ ನೆನಪನ್ನು ಹಿಂದೆ ತಳ್ಳುವುದು ಸಹಜ.

ಎರಡನೆಯ ಅಂಗದ ಗತಿಯೇನಾಯಿತು? ಇಲ್ಲಿ ಹಿಂದಿನ ಕಾಲದ ವ್ಯವಸ್ಥೆಯನ್ನು ಸ್ಮರಿಸುವುದು ಉಚಿತ. ಕೆರೆಯನ್ನು ಕಟ್ಟಿಸಿದವರಿಗೂ ಅದನ್ನು ಕಾಪಾಡುವವರಿಗೂ ಭೂಮಿಯನ್ನೋ ಫಲದ ಭಾಗವನ್ನೋ ಬಿಡುತ್ತಿದ್ದ ಪದ್ಧತಿ ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ ಮೊದಲಾದ ಹೆಸರುಗಳಿಂದ ವಿದಿತವಾಗಿದೆ. ಹೂಳನ್ನು ಹೊರುವ ಬಂಡಿಗೂ ದತ್ತಿಗಳಿದ್ದುವು. ಈ ವ್ಯವಸ್ಥೆ ನಿರ್ದೋಷವಾಗಿತ್ತೆಂದು ಹೇಳಲಾಗದು. ದತ್ತಿಯನ್ನು ಉಂಡು ಕೆರೆಯನ್ನು ಮರೆತವರೂ ಇದ್ದಿರಬೇಕು. ಆದರೂ ಅದರಲ್ಲಿ ಒಂದು ತತ್ತ್ವವಿತ್ತು. ಕೆರೆಯ ರಕ್ಷಣೆಗೆ ಬೇಕಾದ ಆದಾಯವನ್ನು ಕೆರೆಗೇ ಕಟ್ಟಿಹಾಕಲಾಗಿತ್ತು. ಅದು ಪ್ರತಿವರ್ಷ ಅರಮನೆಯ ಕೃಪೆಯನ್ನು ಕಾಯಬೇಕಾಗಿರಲಿಲ್ಲ. ಆಧುನಿಕ ಸರ್ಕಾರಗಳು ಭೂಕಂದಾಯವನ್ನೆಲ್ಲ ಒಂದೇ ಬೊಕ್ಕಸಕ್ಕೆ ಸೇರಿಸಿಕೊಂಡಾಗ ಈ ತತ್ತ್ವ ಸಡಿಲವಾಯಿತು. ಕೆರೆಯ ದುರಸ್ತಿ ಇಲಾಖೆಯ ಆಯವ್ಯಯದಲ್ಲಿ ಒಂದು ಬಾಬಾಯಿತು. ಹಣ ಸಾಲದ ವರ್ಷ ಮೊದಲು ಕತ್ತರಿ ಬೀಳುವುದು ಅಂಥ ಬಾಬಿಗೇ. ನಗರ ಬೆಳೆದು ಗದ್ದೆಗಳು ಮನೆಗಳಾದ ಮೇಲಂತೂ ಕೆರೆಯ ನೀರನ್ನು ನೆಚ್ಚಿದ ರೈತನೇ ಇಲ್ಲದಂತಾಗಿ, ಅದನ್ನು ಕಾಯುವ ಆಸಕ್ತಿಯುಳ್ಳವನೂ ಇಲ್ಲದಾದನು.

ಸ್ವಾತಂತ್ರ್ಯಾನಂತರದ ಸಂವಿಧಾನ ನೀರು, ಚರಂಡಿ ಮತ್ತು ಒಡ್ಡುಗಳನ್ನು ರಾಜ್ಯಪಟ್ಟಿಯ 17ನೆಯ ನಮೂದಿನಲ್ಲಿ ಇಟ್ಟಿತು. ಹೊಣೆ ರಾಜ್ಯದ್ದೆಂಬುದು ಇದರಿಂದ ಸ್ಪಷ್ಟ. ಆದರೆ ಹಣದ ಹರಿವು ಬೇರೆ ದಾರಿ ಹಿಡಿಯಿತು. 1954ರಲ್ಲಿ ಆರಂಭವಾದ ರಾಷ್ಟ್ರೀಯ ನೆರೆ-ನಿಯಂತ್ರಣ ಕಾರ್ಯಕ್ರಮದ ದೃಷ್ಟಿ ದೊಡ್ಡ ನದಿಗಳ ಮೇಲಿತ್ತು. ನಗರದೊಳಗೆ ಬಿದ್ದ ಮಳೆಯ ನೀರು ಅದರ ಮುಖ್ಯ ವಿಷಯವಾಗಿರಲಿಲ್ಲ. ಒಂಬತ್ತನೆಯ ಹಣಕಾಸು ಆಯೋಗದ ಶಿಫಾರಸಿನಂತೆ 1990ರಿಂದ ವಿಪತ್ತು ಪರಿಹಾರ ನಿಧಿ ಏರ್ಪಟ್ಟಿತು. ಅದರಲ್ಲಿ ಕೇಂದ್ರದ ಪಾಲು ಮುಕ್ಕಾಲು, ರಾಜ್ಯದ್ದು ಕಾಲು. ಹೆಸರೇ ಹೇಳುವಂತೆ ಅದು ಪರಿಹಾರದ ನಿಧಿ. ಮನೆ ಬಿದ್ದ ಮೇಲೆ ಕೊಡುವ ಹಣಕ್ಕೆ ಶಾಶ್ವತ ವ್ಯವಸ್ಥೆಯಾಯಿತು. ಮನೆ ಬೀಳದಂತೆ ಚರಂಡಿಯ ಹೂಳು ತೆಗೆಯುವ ಹಣ ಮಾತ್ರ ಪುರಸಭೆಯ ಬಡ ಬೊಕ್ಕಸದ ಪಾಲಾಗಿಯೇ ಉಳಿಯಿತು. ಹಾನಿ ತಡೆಯುವ ಕೆಲಸಕ್ಕೆ ಪ್ರತ್ಯೇಕ ಪಾಲನ್ನು ನಿಯಮಿತವಾಗಿ ತೆಗೆದಿಟ್ಟದ್ದು ಹದಿನೈದನೆಯ ಹಣಕಾಸು ಆಯೋಗ: 2021ರಿಂದ 2026ರವರೆಗಿನ ಅವಧಿಗೆ ವಿಪತ್ತಿನ ಹಣದಲ್ಲಿ ನೂರಕ್ಕೆ 80 ಭಾಗ ಪರಿಹಾರಾದಿಗಳಿಗೂ 20 ಭಾಗ ಉಪಶಮನಕ್ಕೂ ಇರಲೆಂದು ಅದು ಹೇಳಿತು. ಏಳು ಮಹಾನಗರಗಳ ನೆರೆ-ತಡೆಗಾಗಿ 2,500 ಕೋಟಿ ರೂಪಾಯಿಗಳನ್ನು ಸೂಚಿಸಿ, ಅದರಲ್ಲಿ ಹೈದರಾಬಾದಿಗೂ ಬೆಂಗಳೂರಿಗೂ ತಲಾ 250 ಕೋಟಿ ಎಂದು ಗೊತ್ತುಮಾಡಿತು.

ಇಷ್ಟರಲ್ಲಿ ಜಲಾಶಯಗಳ ಸ್ಥಾನವೂ ಬದಲಾಗಿತ್ತು. 1996ರಲ್ಲಿ ಆಂಧ್ರಪ್ರದೇಶ ಸರ್ಕಾರ ತನ್ನ 111ನೆಯ ಆದೇಶದಿಂದ, ಎರಡು ಸಾಗರಗಳ ಸುತ್ತಲಿನ 10 ಕಿಲೋಮೀಟರುಗಳಲ್ಲಿ ಬರುವ 84 ಗ್ರಾಮಗಳಲ್ಲಿ ಕಟ್ಟಡಗಳಿಗೆ ಕಟ್ಟುನಿಟ್ಟಾದ ಮಿತಿ ಹಾಕಿತು. ಕುಡಿಯುವ ನೀರಿನ ರಕ್ಷಣೆ ಅದರ ಆಧಾರ. ಆದರೆ ಮಂಜೀರಾ, ಕೃಷ್ಣಾ, ಗೋದಾವರಿ ನದಿಗಳ ನೀರು ಕ್ರಮವಾಗಿ ನಗರಕ್ಕೆ ಬಂದ ಮೇಲೆ ಈ ಆಧಾರ ದುರ್ಬಲವಾಯಿತು. ನಗರ ಈಗ ಈ ಸಾಗರಗಳ ನೀರನ್ನು ಅವಲಂಬಿಸಿಲ್ಲವೆಂಬ ಕಾರಣದಿಂದ ತೆಲಂಗಾಣ ಸರ್ಕಾರ 2022ರಲ್ಲಿ 69ನೆಯ ಆದೇಶದ ಮೂಲಕ ಆ ನಿರ್ಬಂಧಗಳನ್ನು ತೆಗೆಯಿತು. ಜಲಾಶಯಗಳ ಹುಟ್ಟಿಗೆ ಕಾರಣವಾದ 1908ರ ನೆರೆ ಅವುಗಳ ಪರವಾಗಿ ನಿಲ್ಲುವ ವಾದವಾಗಿ ಉಳಿದಿರಲಿಲ್ಲ. ಇಷ್ಟು ಕಾಲ ನೆರೆ-ರಕ್ಷಣೆಯನ್ನು ಪೊರೆದದ್ದು ಕುಡಿಯುವ ನೀರಿನ ಆಶ್ರಯ. ಆ ಆಶ್ರಯ ತಪ್ಪಿದಾಗ ಅದು ನಿರ್ಗತಿಕವಾಯಿತು.

ಅಲಕ್ಷಿತವಾದ ಎರಡನೆಯ ಅಂಗ ತನ್ನ ಲೆಕ್ಕವನ್ನು ಬೇರೆಯಾಗಿ ಒಪ್ಪಿಸಿತು. 2000ದ ಆಗಸ್ಟ್ ತಿಂಗಳಲ್ಲಿ ನಗರದಲ್ಲಿ ಒಂದೇ ದಿನ ಸುಮಾರು 24 ಸೆಂಟಿಮೀಟರ್ ಮಳೆ ಬಿದ್ದು ಹುಸೇನ್ ಸಾಗರದ ಕೋಡಿಯ ನಾಲೆಯ ದಡದ ಬಡಾವಣೆಗಳು ಮುಳುಗಿದುವು. 2020ರ ಅಕ್ಟೋಬರಿನಲ್ಲಿ ಬೇಗಂಪೇಟೆಯಲ್ಲಿ ಒಂದು ದಿನಕ್ಕೆ 19 ಸೆಂಟಿಮೀಟರಿಗೂ ಮಿಕ್ಕು ಮಳೆಯಾಯಿತು. ನಗರದ ದಕ್ಷಿಣ ಭಾಗದ ಕೆರೆಗಳು ಒಡೆದು ನೀರು ಬೀದಿಗಳಿಗೆ ನುಗ್ಗಿತು. 1908ರಲ್ಲಿ ನಗರದ ಹೊರಗೆ ನಡೆದುದು ಈಗ ನಗರದ ಒಳಗೇ ನಡೆಯಿತು. ನಾಲೆಗಳ ಸುಧಾರಣೆಗಾಗಿ ವಿಶೇಷ ಕಾರ್ಯಕ್ರಮವೊಂದು ಆರಂಭವಾದದ್ದು ಅದರ ಮರುವರ್ಷ, 2021ರಲ್ಲಿ. ಅನಾಹುತದ ಬೆನ್ನಿಗೆ ಯೋಜನೆ ಬರುವ ಕ್ರಮ ನೂರು ವರ್ಷಗಳಲ್ಲಿ ಬದಲಾಗಲಿಲ್ಲ.

ಈ ಇತಿಹಾಸದಿಂದ ಏಳುವ ನಿರ್ಣಯ ಸರಳವಾದುದು. ಸರ್ಕಾರಗಳಿಗೆ ದೊಡ್ಡದನ್ನು ಒಮ್ಮೆ ಕಟ್ಟುವ ಶಕ್ತಿ ಇತ್ತು; ಸಣ್ಣದನ್ನು ನಿತ್ಯವೂ ಕಾಯುವ ವ್ಯವಸ್ಥೆ ಇರಲಿಲ್ಲ. ಅಣೆಕಟ್ಟಿಗೆ ಪ್ರಭುವಿನ ಹೆಸರಿಡಬಹುದು. ಹೂಳು ತೆಗೆದ ಚರಂಡಿಗೆ ಯಾರೂ ಹೆಸರಿಡುವುದಿಲ್ಲ. ಹೀಗಿದ್ದರೂ ಮಳೆಯ ನೀರು ಮೊದಲು ಹುಡುಕುವುದು ಆ ಚರಂಡಿಯನ್ನೇ. ಬಿತ್ತುವಟ್ಟದ ಕಾಲಕ್ಕೆ ನಾವು ಹಿಂದಿರುಗಲಾರೆವು. ಆದರೆ ಕಾಯುವ ಕೆಲಸಕ್ಕೆ ಕಡಿಯಲಾಗದ ಆದಾಯವೊಂದನ್ನು ಮುಡಿಪಾಗಿಡಬೇಕೆಂಬ ಅದರ ತತ್ತ್ವವನ್ನು ಇಂದಿನ ಆಯವ್ಯಯದ ಭಾಷೆಯಲ್ಲಿ ಪುನಃ ಬರೆಯಲು ಅಡ್ಡಿಯೇನೂ ಇಲ್ಲ. ಕೆರೆಗಳ ಸರಪಳಿಯ ಮೇಲೆಯೇ ಬೆಳೆದು ರಾಜಕಾಲುವೆಗಳನ್ನು ಮನೆಗಳ ಕೆಳಗೆ ಮರೆತಿರುವ ನಮ್ಮ ಬೆಂಗಳೂರಿಗೆ ಈ ಮಾತು ಹೈದರಾಬಾದಿಗೆ ಎಷ್ಟೋ ಅಷ್ಟೇ ಅನ್ವಯಿಸುತ್ತದೆ.