ಗಂಗಾತೀರದ ಕರ್ಣಾಟ ಕ್ಷತ್ರಿಯರು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರ ಮನೆಗಳಲ್ಲಿ ಮಕ್ಕಳು ಒಂದಲ್ಲ ಒಂದು ದಿನ ಕೇಳಿಯೇ ಕೇಳುವ ಪ್ರಶ್ನೆಯೊಂದುಂಟು: ನಮ್ಮ ಊರು ಯಾವುದು? ಕಳೆದ ವರ್ಷ ನಮ್ಮ ಮನೆಗೂ ಆ ದಿನ ಬಂದಿತು. ನಾಲ್ಕನೆಯ ತರಗತಿಯಲ್ಲಿದ್ದ ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ನನ್ನ ತಂದೆಯವರು ಕುಂದಾಪುರದ ಕಡೆಯವರು. 1982ರಲ್ಲಿ ನೌಕರಿ ಹಿಡಿದು ಕಲಕತ್ತೆಗೆ ಬಂದವರು. ನಾನು ಹುಟ್ಟಿದ್ದು, ಬಿ.ಕಾಂ. ಓದಿದ್ದು, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತದ್ದು ಎಲ್ಲವೂ ಇಲ್ಲಿಯೇ. ಮಗಳು ಹೆಸರುಗಳನ್ನೆಲ್ಲ ಬರೆದು, ಊರಿನ ಹೆಸರು ಬರೆಯುವಲ್ಲಿ ತಡೆದು ನಿಂತಳು. "ಅಜ್ಜಯ್ಯನ ಊರು ಬರೆಯಲೋ, ನಮ್ಮ ಮನೆ ಇರುವ ಊರು ಬರೆಯಲೋ?" ಎಂದಳು. ದಿನವೆಲ್ಲ ಲೆಕ್ಕ ತಾಳೆ ನೋಡುವ ನನಗೆ ಈ ಲೆಕ್ಕಕ್ಕೆ ಕೂಡಲೇ ಉತ್ತರ ಹೊಳೆಯಲಿಲ್ಲ.

ಈ ಪ್ರಶ್ನೆಯನ್ನು ನಮಗಿಂತ ಎಂಟು ನೂರು ವರ್ಷಗಳಿಗೂ ಹಿಂದೆ ಇದೇ ನೆಲದಲ್ಲಿ ಎದುರಿಸಿದ ಒಂದು ಮನೆತನವುಂಟು. ಅವರ ಸಾಕ್ಷ್ಯವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಪಾರ್ಕ್ ಸ್ಟ್ರೀಟಿನ ಮೊದಲನೆಯ ನಂಬರಿನಲ್ಲಿ, 1784ರಲ್ಲಿ ಸರ್ ವಿಲಿಯಂ ಜೋನ್ಸರು ಸ್ಥಾಪಿಸಿದ ಏಷಿಯಾಟಿಕ್ ಸೊಸೈಟಿಯಿದೆ. ಅಲ್ಲಿಂದ ಕೆಲವೇ ಹೆಜ್ಜೆಗಳಲ್ಲಿ, ಚೌರಂಗಿಯ ಮೇಲೆ, ಆ ಸೊಸೈಟಿಯ ಮಡಿಲಲ್ಲಿಯೇ 1814ರಲ್ಲಿ ಹುಟ್ಟಿದ ಇಂಡಿಯನ್ ಮ್ಯೂಸಿಯಮ್ಮು. ಇಂದು ಬಾಂಗ್ಲಾದೇಶಕ್ಕೆ ಸೇರಿರುವ ರಾಜಶಾಹಿಯ ಬಳಿ, ದೇವಪಾಡಾ ಎಂಬ ಹಳ್ಳಿಯಲ್ಲಿ ದೊರೆತ ಶಿಲಾಶಾಸನವೊಂದನ್ನು 1865ರಲ್ಲಿ ಮೆಟ್‌ಕಾಫ್ ಎಂಬ ಅಧಿಕಾರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಅದು ಬಂಗಾಳವನ್ನಾಳಿದ ಸೇನ ವಂಶದ ವಿಜಯಸೇನನ ಪ್ರಶಸ್ತಿ. ರಚಿಸಿದವನು ಉಮಾಪತಿಧರನೆಂಬ ಕವಿ. ಕಲ್ಲಿನ ಮೇಲೆ ಕಂಡರಿಸಿದವನು ವರೇಂದ್ರದ ಶಿಲ್ಪಿಗಳ ಮುಖ್ಯಸ್ಥನಾದ ಶೂಲಪಾಣಿ.

ಪ್ರದ್ಯುಮ್ನೇಶ್ವರ ದೇಗುಲವನ್ನು ಕಟ್ಟಿಸಿದ ಸಂದರ್ಭದ ಬರಹವಾದರೂ ಅದು ಆರಂಭವಾಗುವುದು ಮನೆತನದ ಕಥೆಯಿಂದ. ಚಂದ್ರವಂಶದಲ್ಲಿ ವೀರಸೇನನೇ ಮೊದಲಾದ ದಾಕ್ಷಿಣಾತ್ಯ ಅರಸರು ಹುಟ್ಟಿದರು. ಆ ಕುಲದ ಸಾಮಂತಸೇನನು ಕರ್ಣಾಟದ ಲಕ್ಷ್ಮಿಯನ್ನು ಸೂರೆಗೊಳ್ಳಬಂದ ವೈರಿಗಳನ್ನು ಸದೆಬಡಿದನು. ಆತನ ಕೀರ್ತಿಯನ್ನು ಸೇತುಬಂಧದ ಬಳಿ ಅಪ್ಸರೆಯರು ಹಾಡಿದರು. ಮುಪ್ಪಿನಲ್ಲಿ ಆತನು ಗಂಗಾತೀರದ ಆಶ್ರಮಗಳನ್ನು ಸೇರಿದನು. ಇದನ್ನು ಬರೆಸಿದ ವಿಜಯಸೇನನು ಸಾಮಂತಸೇನನ ಮೊಮ್ಮಗ. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಪಾಲ ಅರಸರ ಬಲ ಕುಂದುತ್ತಿದ್ದಾಗ ಬಂಗಾಳದ ಬಹುಭಾಗವನ್ನು ಗೆದ್ದುಕೊಂಡವನು. ಗೆದ್ದ ನಾಡಿನ ನಡುವೆ ನಿಂತು, ಅಜ್ಜನ ನಾಡನ್ನು ಕಲ್ಲಿನಲ್ಲಿ ಬರೆಸಿದನು.

ಈ ಮನೆತನ ಇಷ್ಟು ದೂರ ಬಂದುದು ಹೇಗೆ? ಇದಕ್ಕೆ ವಿದ್ವಾಂಸರು ಎರಡು ದಾರಿಗಳನ್ನು ತೋರಿಸುತ್ತಾರೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಯುವರಾಜನಾಗಿದ್ದಾಗ ಗೌಡ, ಕಾಮರೂಪಗಳವರೆಗೆ ದಂಡೆತ್ತಿ ಹೋದನೆಂದು ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ಹೇಳುತ್ತಾನೆ. ಅಂಥ ದಂಡಿನೊಡನೆ ಬಂದು ನಿಂತವರು ಇವರಾಗಿರಬಹುದು. ಇನ್ನೊಂದು, ಪಾಲ ಅರಸರ ತಾಮ್ರಶಾಸನಗಳಲ್ಲಿ ರಾಜಸೇವಕರ ಪಟ್ಟಿಯನ್ನು ಕೊಡುವಾಗ ಗೌಡ, ಮಾಲವ, ಹೂಣ, ಲಾಟರ ಸಾಲಿನಲ್ಲಿ ಕರ್ಣಾಟರ ಹೆಸರೂ ಬರುತ್ತದೆ. ಸಂಬಳಕ್ಕೆ ಸೇರಿದ ಸೈನಿಕರು ಕಾಲಕ್ರಮದಲ್ಲಿ ಒಡೆಯರಾಗಿರಬಹುದು. ದೂರದ ನೌಕರಿ ಹಿಡಿದು ಬಂದ ನಮ್ಮಂಥವರಿಗೆ ಈ ಎರಡನೆಯ ದಾರಿಯೇ ಹೆಚ್ಚು ಆಪ್ತವಾಗಿ ಕಂಡರೆ ಆಶ್ಚರ್ಯವಿಲ್ಲ.

ಇಲ್ಲಿಂದ ಮುಂದೆ ಕಥೆ ಕುತೂಹಲಕರವಾಗುತ್ತದೆ. ವಿಜಯಸೇನನ ಮಗ ಬಲ್ಲಾಳಸೇನನ ಶಾಸನವೊಂದು ವರ್ಧಮಾನ ಜಿಲ್ಲೆಯ ನೈಹಾಟಿಯಲ್ಲಿ ಸಿಕ್ಕಿದೆ. ಅದರಲ್ಲಿ ಸೇನರ ಪೂರ್ವಿಕರು ಸಾಮಂತಸೇನನಿಗಿಂತ ಮುಂಚೆಯೇ ರಾಢದೇಶಕ್ಕೆ, ಎಂದರೆ ಭಾಗೀರಥಿಯ ಪಶ್ಚಿಮದ ಸೀಮೆಗೆ, ಭೂಷಣಪ್ರಾಯರಾಗಿದ್ದರೆಂದು ಹೇಳಿದೆ! ತಂದೆಯು ಅಜ್ಜನ ಕರ್ಣಾಟವನ್ನು ನೆನೆದರೆ, ಮಗನು "ನಾವು ಈ ನೆಲದ ಹಳಬರು" ಎನ್ನುತ್ತಾನೆ. ಆತನ ಮಗ ಲಕ್ಷ್ಮಣಸೇನನ ಮಾಧಾಯಿನಗರದ ಶಾಸನದಲ್ಲಿ ಮತ್ತೆ ಕರ್ಣಾಟ ಕ್ಷತ್ರಿಯರ ಕುಲವೆಂಬ ಹೆಮ್ಮೆ ತಲೆಯೆತ್ತುತ್ತದೆ. ಆತನ ತಾಯಿ ರಾಮದೇವಿ ಚಾಲುಕ್ಯರ ಮಗಳೆಂಬುದೂ ಅಲ್ಲಿ ಉಕ್ತವಾಗಿದೆ. ತಾಯಿಯ ಕಡೆಯಿಂದ ಮಕ್ಕಳಿಗೆ ಊರಿನ ನೆನಪು ಹೊಸದಾಗಿ ಬರುವುದು ನಮ್ಮ ಮನೆಗಳಲ್ಲಿಯೂ ಕಾಣುವ ಸಂಗತಿಯಷ್ಟೆ.

ಮೂರು ತಲೆಮಾರು, ಮೂರು ಬಗೆಯ ಹೇಳಿಕೆ. ಇವರಲ್ಲಿ ಯಾರನ್ನೂ ಸುಳ್ಳುಗಾರರೆನ್ನಲು ನನಗೆ ಮನಸ್ಸಾಗದು. ಹೊಸದಾಗಿ ಗೆದ್ದವನಿಗೆ ವೀರ ಪೂರ್ವಿಕರು ಬೇಕಾಗಿದ್ದರು. ನೆಲೆಸಿದವನಿಗೆ ನೆಲದ ಹಕ್ಕು ಬೇಕಾಗಿತ್ತು. ನೆಲೆಯೂರಿದ ಮೇಲೆ ಬಂದವನಿಗೆ ಮೂಲದ ಹೆಮ್ಮೆ ಬೇಕೆನಿಸಿತು. ಮನೆತನದ ಕಥೆಯನ್ನು ಪ್ರತಿಯೊಂದು ಪೀಳಿಗೆಯೂ ತನಗೆ ಬೇಕಾದಂತೆ ಮತ್ತೆ ಹೇಳಿಕೊಳ್ಳುತ್ತದೆ. ಹಾಗೆ ಹೇಳಿಕೊಳ್ಳುತ್ತಲೇ ತಾನು ಯಾರೆಂಬುದನ್ನು ಗೊತ್ತುಮಾಡಿಕೊಳ್ಳುತ್ತದೆ. ಮಿಥಿಲೆಯಲ್ಲಿಯೂ 1097ರಲ್ಲಿ ನಾನ್ಯದೇವನು ಕರ್ಣಾಟ ವಂಶವನ್ನು ಸ್ಥಾಪಿಸಿದನು. ಆ ರಾಜ್ಯ 14ನೆಯ ಶತಮಾನದಲ್ಲಿ ಅಳಿಯಿತು. ಆದರೂ 17ನೆಯ ಶತಮಾನದಲ್ಲಿ ಕಾಠ್ಮಂಡುವಿನ ಪ್ರತಾಪಮಲ್ಲನು ತನ್ನ ವಂಶಾವಳಿಯನ್ನು ಅದೇ ನಾನ್ಯದೇವನಿಗೆ ಜೋಡಿಸಿಕೊಂಡನು.

ಸೇನರು ಬಂಗಾಳಕ್ಕೆ ಕೊಟ್ಟದ್ದು ಅಲ್ಪವಲ್ಲ. ಬಲ್ಲಾಳಸೇನನು ದಾನಸಾಗರವನ್ನು ಬರೆದನು. ಲಕ್ಷ್ಮಣಸೇನನ ಆಸ್ಥಾನದಲ್ಲಿ ಗೀತಗೋವಿಂದದ ಜಯದೇವ, ಪವನದೂತದ ಧೋಯಿ ಮೊದಲಾದವರಿದ್ದರು. ತಂದೆ ತಾತಂದಿರು ಪರಮಮಾಹೇಶ್ವರರು, ಲಕ್ಷ್ಮಣಸೇನನು ವೈಷ್ಣವನಾದನು. ಸುಮಾರು 1204ರಲ್ಲಿ ಬಖ್ತಿಯಾರ್ ಖಿಲ್ಜಿಯು ನದಿಯಾದ ಮೇಲೆ ಬಿದ್ದ ಮೇಲೂ ಪೂರ್ವಬಂಗಾಳದಲ್ಲಿ ಈ ವಂಶ ಕೆಲಕಾಲ ಉಳಿಯಿತು. ಇಂದು ನನ್ನ ಬ್ಯಾಂಕಿನ ಬಂಗಾಳಿ ಮಿತ್ರರಿಗೆ ಬಲ್ಲಾಳ್ ಸೇನ್ ತಮ್ಮ ರಾಜನೇ. ನಮ್ಮ ಕರಾವಳಿಯಲ್ಲಿ ಬಲ್ಲಾಳ ಎಂಬ ಮನೆತನದ ಹೆಸರುಂಟು, ಹೊಯ್ಸಳರಲ್ಲಿ ಆ ಹೆಸರಿನ ಅರಸರಿದ್ದರು ಎಂದರೆ ಅವರು ಬೆರಗಾಗುತ್ತಾರೆ.

ಆದರೆ ಒಂದು ಸಂಗತಿ ನನ್ನನ್ನು ಕೊರೆಯುತ್ತದೆ. ಸೇನರ ಶಾಸನಗಳೆಲ್ಲವೂ ಸಂಸ್ಕೃತದಲ್ಲಿವೆ. ಕನ್ನಡದ ಒಂದು ಸಾಲೂ ಅಲ್ಲಿಲ್ಲ. ಅದೇ 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ವಚನಗಳನ್ನಾಡುತ್ತಿದ್ದರು. ಕುಲದ ಕೀರ್ತಿ ಕಲ್ಲಿನ ಮೇಲೆ ಉಳಿಯಿತು. ಅಡುಗೆಮನೆಯ ಮಾತು ಉಳಿಯಲಿಲ್ಲ. ಸಾಮಂತಸೇನನು ಮೊಮ್ಮಗನನ್ನು ಯಾವ ಮಾತಿನಲ್ಲಿ ಕರೆದನೋ ಅದನ್ನು ಬರೆದಿಡಬೇಕೆಂದು ಆ ಕಾಲದಲ್ಲಿ ಯಾರಿಗೂ ತೋರಲಿಲ್ಲ.

ನಮ್ಮ ಸ್ಥಿತಿ ಇದಕ್ಕಿಂತ ಬೇರೆಯೇ? ನವೆಂಬರ್ ಒಂದರಂದು ನಾವು ಬಾವುಟ ಏರಿಸುತ್ತೇವೆ, ಭಾಷಣ ಕೇಳುತ್ತೇವೆ, ಬಿಸಿಬೇಳೆಭಾತ್ ಉಂಡು ಮನೆಗೆ ಹೋಗುತ್ತೇವೆ. ಇದು ತಪ್ಪಲ್ಲ, ಇದು ನಮ್ಮ ಪ್ರಶಸ್ತಿ. ಅದರೊಡನೆ ಮನೆಯ ಹಿರಿಯರು ಯಾವ ವರ್ಷ, ಯಾವ ರೈಲಿನಲ್ಲಿ, ಏಕೆ ಬಂದರೆಂಬುದನ್ನು ಅವರ ಮಾತಿನಲ್ಲಿಯೇ ಬರೆದಿಟ್ಟುಕೊಂಡರೆ, ಮುಂದಿನ ಪೀಳಿಗೆಗೆ ಹೆಮ್ಮೆಯ ಜೊತೆಗೆ ಸತ್ಯವೂ ದಕ್ಕುತ್ತದೆ. ನಮ್ಮ ಸಂಘವು ಈ ಕೆಲಸವನ್ನು ಕೈಗೊಂಡರೆ ನಾನು ಭಾನುವಾರಗಳಲ್ಲಿ ಬರಹಗಾರನಾಗಿ ದುಡಿಯಲು ಸಿದ್ಧನಿದ್ದೇನೆ.

ತಂದೆಯವರು ಈಗಿಲ್ಲ. ಅವರ ಖರ್ಚಿನ ಪುಸ್ತಕವೊಂದು ಉಳಿದಿದೆ. ಮಂಗಳೂರಿನಿಂದ ಮದ್ರಾಸು, ಮದ್ರಾಸಿನಿಂದ ಹೌರಾ, ಎಂದು ಪ್ರಯಾಣದ ಖರ್ಚಿನಿಂದ ಅದು ಆರಂಭವಾಗುತ್ತದೆ. ಮಗಳಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಆ ತಪ್ಪು ನನ್ನದು. ವಂಶವೃಕ್ಷದಲ್ಲಿ ಎರಡೂ ಊರುಗಳನ್ನು ಬರೆಯಲು ಹೇಳಿ, ಅಂದಿನಿಂದ ಭಾನುವಾರಕ್ಕೊಂದು ಗಂಟೆ ಅವಳಿಗೆ ಅಕ್ಷರ ಕಲಿಸತೊಡಗಿದೆ. ಒತ್ತಕ್ಷರಗಳಲ್ಲಿ ಇನ್ನೂ ಎಡವುತ್ತಾಳೆ. ಆದರೂ ಮೊನ್ನೆ ಪುಸ್ತಕದ ಮೊದಲ ಪುಟದ ಮೇಲೆ ಬೆರಳಿಟ್ಟು, ಅಜ್ಜಯ್ಯ ಈ ನಗರದಲ್ಲಿ ಮೊದಲು ಕೊಂಡ ಸಾಮಾನುಗಳನ್ನು ತಾನಾಗಿಯೇ ಓದಿದಳು: ಚಾಪೆ, ಕೊಡೆ, ಸೊಳ್ಳೆಪರದೆ.