ಪ್ರಿಸಿಷನ್

ಒಂದೇ ಅಳತೆಯನ್ನು ಅಥವಾ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ದೊರೆಯುವ ಫಲಿತಾಂಶಗಳು ಪರಸ್ಪರ ಎಷ್ಟು ಹತ್ತಿರವಾಗಿವೆ ಎಂಬುದನ್ನು ಸೂಚಿಸುವ ಮಾಪನಶಾಸ್ತ್ರದ ಪದ. ರೂಢಿಯಲ್ಲಿ ಇದನ್ನೂ ಅಕ್ಯುರೆಸಿಯನ್ನೂ ನಿಖರತೆಯೆಂದೇ ಕರೆಯುವುದುಂಟಾದರೂ, ಅಕ್ಯುರೆಸಿ ಎಂಬುದು ಅಳತೆಯು ನಿಜಬೆಲೆಗೆ ಎಷ್ಟು ಸಮೀಪವಾಗಿದೆ ಎಂಬುದನ್ನು ಹೇಳುತ್ತದೆ. 25 ಮಿ.ಮೀ. ವ್ಯಾಸಕ್ಕೆ ತಿರುವಬೇಕಾದ ಉಕ್ಕಿನ ದಂಡಗಳೆಲ್ಲವೂ 25.08 ಮಿ.ಮೀ.ಗೆ ಬಂದರೆ ಅಲ್ಲಿ ಪ್ರಿಸಿಷನ್ ಇದೆ, ಅಕ್ಯುರೆಸಿ ಇಲ್ಲ. ಈ ದೋಷವನ್ನು ಲೋಹ ಕತ್ತರಿಸುವ ಉಳಿಯ ಸ್ಥಾನ ಬದಲಿಸಿ ನೀಗಿಸಬಹುದು, ಚದುರಿದ ಅಳತೆಗಳನ್ನು ಹಾಗೆ ನೀಗಿಸಲಾಗದು. ಆದ್ದರಿಂದ ಯಂತ್ರವೊಂದರ ಯೋಗ್ಯತೆಯನ್ನು ಅರಿಯಲು ಪ್ರಿಸಿಷನ್ನೇ ಹೆಚ್ಚು ಆಳವಾದ ಪರೀಕ್ಷೆ.

ಕರ್ನಾಟಕದಲ್ಲಿ ಈ ಗುಣವನ್ನು ಉದ್ಯಮವಾಗಿ ಬೆಳೆಸಿದ ಊರುಗಳಲ್ಲಿ ತುಂಗಭದ್ರಾ ದಡದ ಹರಿಹರಕ್ಕೆ ಗೌರವದ ಸ್ಥಾನ ಸಲ್ಲಬೇಕು. 1941ರಲ್ಲಿ ಇಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು, ಬೆಂಗಳೂರಿನಲ್ಲಿ ಎಚ್‌.ಎಂ.ಟಿ. ಯಂತ್ರೋಪಕರಣ ಕಾರ್ಖಾನೆ ಹುಟ್ಟುವುದಕ್ಕೆ ಒಂದು ದಶಕಕ್ಕೂ ಮೊದಲೇ, ಲೇತ್ ಯಂತ್ರಗಳ ತಯಾರಿಕೆಗೆ ಕೈಹಾಕಿತ್ತು. ಲೇತ್ ಇತರ ಯಂತ್ರಗಳ ಭಾಗಗಳನ್ನು ರೂಪಿಸುವ ಯಂತ್ರವಾದುದರಿಂದ, ಅದರ ತಿರುಗುವ ಸ್ಪಿಂಡಲ್ಲಿನ ಓಲಾಟವಾಗಲಿ, ಉಳಿಯನ್ನು ಹೊತ್ತ ಭಾಗವು ಜಾರುವ ಬೆಡ್ಡಿನ ಸವೆತವಾಗಲಿ ಅದು ತಯಾರಿಸುವ ಪ್ರತಿಯೊಂದು ಭಾಗಕ್ಕೂ ದಾಟುತ್ತದೆ.

ಇಂಥ ಭಾಗಗಳನ್ನು ಅಳೆಯಲು ಬಳಸುವ ಮೈಕ್ರೋಮೀಟರ್ ಸಾಮಾನ್ಯವಾಗಿ 0.01 ಮಿ.ಮೀ.ನಷ್ಟು ಸೂಕ್ಷ್ಮವಾಗಿ ಅಳೆಯುತ್ತದೆ. ಅದಕ್ಕಿಂತ ಸೂಕ್ಷ್ಮ ಕೆಲಸದಲ್ಲಿ ಉಷ್ಣತೆಯೂ ಮುಖ್ಯವಾಗುತ್ತದೆ: ಒಂದು ಮೀಟರ್ ಉದ್ದದ ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.012 ಮಿ.ಮೀ. ಹಿಗ್ಗುವುದರಿಂದ, ಉದ್ದದ ಅಳತೆಗೆ 20 ಡಿಗ್ರಿಯನ್ನು ಅಂತರರಾಷ್ಟ್ರೀಯ ಆಧಾರ ಉಷ್ಣತೆಯೆಂದು ಗೊತ್ತುಪಡಿಸಲಾಗಿದೆ.